ಚೀಟಿ ಗಂಟೆ

ಮಾರ್ಚ್ 3, ಸೋಮವಾರ

ಮತ್ತೆ ಹಾಜರಿ ಕಾರ್ಡುಗಳ ರಾಶಿ. ಇನ್ನೂರ ಹನ್ನೆರಡು ಜನ. ಟೈಮ್ ಆಫೀಸಿನ ಫ್ಯಾನು ಮೂರು ದಿನದಿಂದ ಮುನಿಸಿಕೊಂಡಿದೆ. ರಿಪೇರಿಗೆ ಬರೆದುಕೊಟ್ಟೆ. ಮ್ಯಾನೇಜರು ‘ನೋಡೋಣ’ ಎಂದರು. ಕಾರ್ಖಾನೆಯಲ್ಲಿ ಅವರ ಹೆಸರೇ ‘ನೋಡೋಣ ಸಾಹೇಬ್ರು’ ಎಂದಾಗಿದೆ — ಪಾಪ, ಅವರೊಬ್ಬರಿಗೇ ಗೊತ್ತಿಲ್ಲ.

ಮಾರ್ಚ್ ಬಂತೆಂದರೆ ನನಗೆ ತಲೆಬಿಸಿ. ಕಾನೂನು ಪ್ರಕಾರ ವಾರಕ್ಕೆ ನಲವತ್ತೆಂಟು ಗಂಟೆ. ಅದರ ಮೇಲೆ ದುಡಿದರೆ ಓಟಿ, ದುಪ್ಪಟ್ಟು ದರ. ಮೂರು ತಿಂಗಳಲ್ಲಿ ಓಟಿ ಐವತ್ತು ಗಂಟೆ ದಾಟಬಾರದು. ಡಬ್ಬಿ ಮುಚ್ಚಳದ ಆರ್ಡರಿಗೆ ಅದೆಲ್ಲ ಎಲ್ಲಿ ಗೊತ್ತು? ಹಾಗಾಗಿ ಐವತ್ತು ಮುಟ್ಟಿದವರ ಕಾರ್ಡನ್ನು ಸರಿಯಾಗಿ ಐದೂವರೆಗೆ ನಾನೇ ಔಟ್ ಒತ್ತುತ್ತೇನೆ. ಅವರು ಎಂಟೂವರೆವರೆಗೂ ಮುಚ್ಚಳ ಒತ್ತುವ ಪ್ರೆಸ್ ಮುಂದೆಯೇ ಇರುತ್ತಾರೆ. ಆ ಮೂರು ಗಂಟೆ ಒಂದು ಚೀಟಿಯಲ್ಲಿ. ತಿಂಗಳ ಕೊನೆಗೆ ಲಕೋಟೆಯಲ್ಲಿ ಹಣ, ಮಾಮೂಲಿ ದರದಲ್ಲಿ. ಚೀಟಿ ಗಂಟೆ — ಹೆಸರಿಟ್ಟದ್ದೂ ನಾನೇ. ಏಳು ವರ್ಷವಾಯಿತು, ಯಾರೂ ಕಮಕ್ ಕಿಮಕ್ ಎಂದಿಲ್ಲ.

ಇವತ್ತು ನನ್ನ ಭಾಮೈದನ ಓಟಿಯೂ ಐವತ್ತು ಗಂಟೆ ಮುಟ್ಟಿತು.

ಮಾರ್ಚ್ 7, ಶುಕ್ರವಾರ

ಮಧ್ಯಾಹ್ನ ಭಾಮೈದ ಕಿಟಕಿಗೆ ಬಂದ. ಕೆಲಸಕ್ಕೆ ಸೇರಿಸಿದ್ದು ನಾನೇ, ಎರಡು ವರ್ಷದ ಹಿಂದೆ. ಆಫೀಸಿನಲ್ಲಿ ‘ಸಾರ್’ ಅನ್ನುತ್ತಾನೆ, ಅದೂ ಕಣ್ಣು ಹೊಡೆದು.

‘ಸಾರ್, ನನ್ನ ದುಪ್ಪಟ್ಟು ಎಲ್ಲಿ ಹೋಯ್ತು?’

‘ಐವತ್ತು ಮುಗೀತು. ಇನ್ನು ಚೀಟಿ.’

‘ಅಂದ್ರೆ ಲೆಕ್ಕದಲ್ಲಿ ಆರು ಗಂಟೆಗೆ ನಾನು ಎಲ್ಲಿರ್ತೀನಿ?’

‘ಮನೇಲಿ.’

‘ಹಾಗಾದ್ರೆ ಸ್ವಲ್ಪ ಅಮ್ಮನಿಗೂ ಹೇಳಿ ಭಾವ. ಮನೆ ಕಡೆ ತಲೆನೇ ಹಾಕಲ್ಲ ಅಂತ ದಿನಾ ಬೈತಾಳೆ.’

ಇಬ್ಬರೂ ನಕ್ಕೆವು. ಹಿಂದೆ ನಿಂತಿದ್ದವರೂ ನಕ್ಕರು.

ಮಾರ್ಚ್ 14, ಶುಕ್ರವಾರ

ಲೇಬರ್ ಇನ್‌ಸ್ಪೆಕ್ಟರ್ ಬಂದಿದ್ದರು. ರಿಜಿಸ್ಟರ್ ತಿರುವಿದರು. ಕನ್ನಡಕ ಹಣೆಗೇರಿಸಿ ‘ಇಷ್ಟು ಕ್ಲೀನಾಗಿ ಇಟ್ಟಿರೋದನ್ನ ನಾನು ನೋಡೇ ಇಲ್ಲ ಕಣ್ರೀ’ ಎಂದರು. ಸಾಹೇಬರು ಬೆನ್ನು ತಟ್ಟಿದರು. ಹೆಮ್ಮೆ ಆಯಿತು. ಆಗಲಿಲ್ಲ ಎಂದು ಇಲ್ಲಿ ಬರೆದು ಯಾರ ಕಣ್ಣಿಗೆ ಮಣ್ಣೆರಚಲಿ?

ಮಾರ್ಚ್ 20, ಗುರುವಾರ

ಸಂಜೆ ಆರು ಐವತ್ತಕ್ಕೆ ಭಾಮೈದನ ಕೈ ಪ್ರೆಸ್ಸಿಗೆ ಸಿಕ್ಕಿತು. ಬಲಗೈ.

ಮಾರ್ಚ್ 21, ಶುಕ್ರವಾರ

ನಾಲ್ಕು ಬೆರಳು ತೆಗೆದರು. ಹೆಬ್ಬೆರಳು ಉಳಿದಿದೆ. ಅತ್ತೆ ಆಸ್ಪತ್ರೆಯ ಬೆಂಚಿನಿಂದ ಎದ್ದಿಲ್ಲ, ನೀರೂ ಬೇಡವಂತೆ. ಹೆಂಡತಿ ಅಳುತ್ತಲೇ ಕೇಳಿದಳು.

‘ಇನ್ಶೂರೆನ್ಸ್ ಇದೆ ಅಲ್ವೇನ್ರೀ? ಅವನಿಗೆ ಏನಾದ್ರೂ ಬರುತ್ತೆ ತಾನೆ?’

ಇದೆ ಎಂದೆ. ಡ್ಯೂಟಿಯಲ್ಲಿ ಆದ ಗಾಯಕ್ಕೆ ಸಾಯುವ ತನಕ ಪೆನ್ಷನ್, ಬಂದೇ ಬರುತ್ತದೆ ಎಂದೆ. ಹೇಳುತ್ತ ಹೇಳುತ್ತಲೇ ನೆನಪಾಯಿತು. ನಿನ್ನೆಯೂ ಐದೂವರೆಗೆ ಅವನ ಕಾರ್ಡು ಒತ್ತಿದ್ದೇನೆ. ದಾಖಲೆ ಪ್ರಕಾರ ಅವನು ಡ್ಯೂಟಿಯಲ್ಲಿರಲಿಲ್ಲ.

ಮಾರ್ಚ್ 24, ಸೋಮವಾರ

ಸಾಹೇಬರು ಬಾಗಿಲು ಹಾಕಿಸಿ ಕೂರಿಸಿದರು. ಟೀ ತರಿಸಿದರು. ಇಷ್ಟು ವರ್ಷದಲ್ಲಿ ಇದೇ ಮೊದಲು.

‘ನೋಡಿ, ಐದೂವರೆಗೆ ಔಟ್ ಆಗಿದಾನೆ. ಆಮೇಲೆ ಮೆಷಿನ್ ಹತ್ರ ಯಾಕೆ ಹೋದ ಅಂತ ಕಂಪನಿಗೆ ಗೊತ್ತಿಲ್ಲ. ಇನ್ಶೂರೆನ್ಸಿಗೂ ಹಾಗೇ ಬರೆದಿದೀವಿ.’

‘ಸಾರ್, ಆ ಕಾರ್ಡು ನಾನೇ...’

‘ಗೊತ್ತು. ಅದಕ್ಕೇ ಕರೆದಿದ್ದು. ವಿಚಾರಣೇಲಿ ಒತ್ತಿದ್ದು ಯಾರು ಅಂತ ಕೇಳ್ತಾರೆ. ಕಂಪನಿ ಅಂತೀರಾ? ಕಂಪನಿಗೆ ಬೆರಳಿದೆಯೇನ್ರೀ?’

ಅಂದಾದ ಮೇಲೆ ಆ ಮಾತು ಅವರ ಕಿವಿಗೂ ಬಿತ್ತೇನೋ. ಲೋಟ ನನ್ನ ಕಡೆ ಸರಿಸಿದರು.

ಬಾಯಿ ಬಿಟ್ಟರೆ ಸುಳ್ಳು ದಾಖಲೆಯ ಕೇಸು ನನ್ನ ತಲೆಗೆ, ಕೆಲಸವೂ ಹೋಗುತ್ತದೆ. ಬಿಡದಿದ್ದರೆ ಭಾಮೈದನಿಗೆ ಬಿಡಿಗಾಸೂ ಇಲ್ಲ. ಅವನಿಗೆ ಗೇಟಿನಲ್ಲಿ ವಾಚ್‌ಮನ್ ಕೆಲಸ ಕೇಳಿದೆ. ‘ನೋಡೋಣ’ ಎಂದರು. ಮೈಯೆಲ್ಲ ಉರಿಯುತ್ತಿದೆ. ಟೀ ಮಾತ್ರ ಪೂರ್ತಿ ಕುಡಿದೇ ಎದ್ದು ಬಂದೆ.

ಏಪ್ರಿಲ್ 9, ಬುಧವಾರ

ಹದಿನೈದು ದಿನ ಈ ಪುಸ್ತಕ ಮುಟ್ಟಿಲ್ಲ. ಭಾಮೈದ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ. ಎಡಗೈಯಲ್ಲಿ ಸಹಿ ಕಲಿಯುತ್ತಿದ್ದಾನೆ, ಒಂದನೇ ಕ್ಲಾಸಿನ ಮಗುವಿನ ಹಾಗೆ ನಾಲಿಗೆ ಹೊರಗೆ ಹಾಕಿಕೊಂಡು. ಕಾರ್ಡಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇವಳಿಗಂತೂ ಗೊತ್ತೇ ಇಲ್ಲ.

ಇನ್ಶೂರೆನ್ಸ್ ಆಫೀಸಿನಲ್ಲಿ ವಿಚಾರಣೆ ಇಪ್ಪತ್ನಾಲ್ಕಕ್ಕೆ. ಅಲ್ಲಿ ಹೇಳಿಬಿಡುತ್ತೇನೆ. ನಿಶ್ಚಯ ಮಾಡಿದ್ದೇನೆ. ಕೆಲಸ ಹೋದರೆ ಹೋಗಲಿ, ಹಾಳಾದ್ದು.

ಏಪ್ರಿಲ್ 24, ಗುರುವಾರ, ಸಂಜೆ 7.40

ನಾಲ್ಕಕ್ಕೆ ಎಂದವರು ಐದೂವರೆಗೆ ಶುರು ಮಾಡಿ ಏಳಕ್ಕೆ ಮುಗಿಸಿದರು. ಅಧಿಕಾರಿ ಒಬ್ಬ ಮೇಡಂ. ಒಳ್ಳೆಯವರೇ. ಕಾರ್ಡನ್ನು ಎತ್ತಿ ಹಿಡಿದು ಭಾಮೈದನನ್ನು ಕೇಳಿದರು.

‘ಇದನ್ನ ಒತ್ತಿದ್ದು ಯಾರಪ್ಪ?’

ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಸುಳ್ಳಲ್ಲ, ಎದ್ದಿದ್ದೆ.

‘ನಾನೇ ಮೇಡಂ. ಮನೆಗೆ ಹೊರಟೆ. ನಾಲ್ಕು ಮುಚ್ಚಳ ಬಾಕಿ ಇತ್ತು ಅಂತ ವಾಪಸ್ ಹೋದೆ.’

‘ಯಾರಾದ್ರೂ ಹೋಗು ಅಂದ್ರಾ?’

‘ಇಲ್ಲ ಮೇಡಂ. ನನ್ನ ಬುದ್ಧಿಗಷ್ಟು ಬೆಂಕಿ ಹಾಕ.’

ಮೇಡಂ ನನ್ನ ಕಡೆ ತಿರುಗಿದರು. ‘ಟೈಮ್ ಆಫೀಸಿನವರು ಏನಾದ್ರೂ ಹೇಳೋದಿದೆಯಾ?’

ಇಲ್ಲ ಮೇಡಂ ಎಂದೆ. ನನ್ನ ಬಾಯಿಂದಲೇ ಬಂತು. ಸಾಹೇಬರು ಪಕ್ಕದಲ್ಲಿ ಪೆನ್ನಿನ ಕ್ಯಾಪು ಹಾಕಿದರು.

ಪರಿಹಾರ ಇಲ್ಲ ಎಂದು ಆದೇಶ. ತಕರಾರಿದ್ದರೆ ಮೂವತ್ತು ದಿನದೊಳಗೆ ಇದೇ ಆಫೀಸಿಗೆ ಖುದ್ದಾಗಿ ಅರ್ಜಿ ಕೊಡಬಹುದು. ಮೆಟ್ಟಿಲಿಳಿಯುವಾಗ ಭಾಮೈದ ಎಡಗೈಯಿಂದ ನನ್ನ ತೋಳು ಹಿಡಿದುಕೊಂಡ.

‘ಅಕ್ಕನಿಗೆ ಹೇಳಬೇಡಿ ಭಾವ. ನನ್ನದಂತೂ ಹೋಯ್ತು. ನಿಮ್ಮ ಕೆಲಸಾನೂ ಹೋದ್ರೆ ಎರಡು ಮನೆ ಒಲೆ ಆರುತ್ತೆ.’

ಇಪ್ಪತ್ತಾರು ವರ್ಷದವನು. ನನಗೆ ನಲವತ್ತೊಂಬತ್ತು. ಥೂ ನನ್ನ ಜನ್ಮಕ್ಕೆ.

ಮೇ 5, ಸೋಮವಾರ

ಸಂಬಳದ ಪಟ್ಟಿ ಮಾಡಿದೆ. ವಿಚಾರಣೆಯ ದಿನ ಐದೂವರೆಯಿಂದ ಏಳರವರೆಗೆ ನಾನು ಕಂಪನಿಯ ಕೆಲಸದ ಮೇಲೆ ಇದ್ದೆನಂತೆ. ಓಟಿ ಹಾಕಿ ಎಂದರು ಸಾಹೇಬರು. ಒಂದೂವರೆ ಗಂಟೆ, ದುಪ್ಪಟ್ಟು ದರ, ಕಾನೂನು ಪ್ರಕಾರ. ಬೇಡ ಎನ್ನಲು ಹೋದೆ. ‘ರೂಲ್ಸ್ ಅಂದ್ರೆ ರೂಲ್ಸ್’ ಎಂದರು. ಲೆಕ್ಕ ಹಾಕಿದೆ. ಎರಡು ಸಲ ತಾಳೆ ನೋಡಿದೆ, ಸರಿಯಾಗಿತ್ತು. ಆ ಹಣ ತೆಗೆದುಕೊಂಡೆ.

ಮೇ 24, ಶನಿವಾರ, ಬೆಳಿಗ್ಗೆ 10.15

ತಕರಾರು ಅರ್ಜಿಗೆ ಮೂವತ್ತನೇ ದಿನ, ಕೊನೆಯದು. ಇನ್ಶೂರೆನ್ಸ್ ಆಫೀಸು ಇವತ್ತು ಒಂದು ಗಂಟೆಗೇ ಮುಚ್ಚುತ್ತದೆ. ಇವತ್ತು ರಜ ಹಾಕಿದ್ದೇನೆ. ಒಳಕೋಣೆಯಲ್ಲಿ ಕೂತು ಅರ್ಜಿ ಬರೆದು ಮುಗಿಸಿದೆ. ಏಳು ವರ್ಷದ ಚೀಟಿ ಗಂಟೆಯ ಕಥೆಯೆಲ್ಲ ಇದೆ. ಸಹಿ ಒಂದು ಬಾಕಿ.

11.30

ಭಾಮೈದ ಬಂದಿದ್ದಾನೆ. ನಡುಮನೆಯಲ್ಲಿ ಇವಳು ಅವನ ಅಂಗಿಯ ಗುಂಡಿ ಹಾಕುತ್ತ ಬೈಯುತ್ತಿದ್ದಾಳೆ. ಈ ತಿಂಗಳಿಡೀ ಇದೇ ಪಾಠ.

‘ಔಟ್ ಒತ್ತಿದ ಮೇಲೆ ಮತ್ತೆ ಮೆಷಿನ್ ಹತ್ರ ಹೋಗೋ ಪೆದ್ದ ಈ ಭೂಮಿ ಮೇಲೆ ನೀನೊಬ್ಬನೇ ಕಣೋ. ಮಾಡಿಕೊಂಡಿದ್ದು ನೀನೇ, ಅನುಭವಿಸು.’

‘ಹೂಂ ಅಕ್ಕ.’

‘ನಿಮ್ಮ ಭಾವನ್ನ ನೋಡಿ ಕಲೀಬಾರದಾ? ಒಂದು ನಿಮಿಷ ಹೆಚ್ಚು ಕಮ್ಮಿ ಇಲ್ಲ.’

‘ಹೂಂ ಅಕ್ಕ.’

12.10

ಸಹಿ ಹಾಕಿದೆ. ಬಸ್ಸು ಸಿಕ್ಕರೆ ಇಪ್ಪತ್ತೈದು ನಿಮಿಷ. ಇವಳು ಬಾಗಿಲಿಗೆ ಬಂದು ಏನು ಬರೀತಿದ್ದೀರಿ ಎಂದಳು. ಆಫೀಸಿನ ಲೆಕ್ಕ ಎಂದೆ. ಕಾಗದದ ಮೇಲೆ ಈ ಪುಸ್ತಕ ಎಳೆದುಕೊಂಡೆ.

12.40

ಬಸ್ಸು ಹೋಯಿತು. ಆಟೋ ಹಿಡಿದರೆ ಹತ್ತು ನಿಮಿಷ. ಚಪ್ಪಲಿ ಹಾಕಿಕೊಂಡೇ ಕೂತಿದ್ದೇನೆ. ಹೊರಗೆ ತಟ್ಟೆಗಳ ಸದ್ದು. ಭಾಮೈದ ಕೂಗುತ್ತಿದ್ದಾನೆ — ‘ಬನ್ನಿ ಭಾವ, ಅನ್ನ ಆರಿಹೋಗುತ್ತೆ. ನೀವು ಬರೋವರೆಗೂ ಅಕ್ಕ ನನಗೂ ಬಡಿಸಲ್ವಂತೆ.’

ಬಂದೆ ಎಂದೆ. ಎರಡು ತುತ್ತು ತಿಂದು ಹೊರಟರೂ ಒಂದಕ್ಕೆ ಮುಂಚೆ —