ಬೇಳೆಗೆ ಬಿದ್ದ ಸೌತೆಕಾಯಿ ಉಪ್ಪಿನಕಾಯಿ

ಭೀಮರಾಯನಗುಡಿ, ಬುಧವಾರ

ಅತ್ತಿಗೆಗೆ ನಮಸ್ಕಾರ.

ಈ ಸೀಮೆಯ ಊಟ ಸಪ್ಪೆಯಿದ್ದರೆ ಇರಲಿ ಎಂದು ನೀವು ಕಟ್ಟಿಕೊಟ್ಟ ಸೌತೆಕಾಯಿ ಉಪ್ಪಿನಕಾಯಿ ಮೊನ್ನೆ ಒಂದೇ ಹೊತ್ತಿಗೆ ಖಾಲಿಯಾಯಿತು. ದಿನಕ್ಕೆ ಒಂದೇ ಹೋಳು, ಹೆಚ್ಚು ತಿಂದರೆ ಜೀವಕ್ಕೆ ಅಪಾಯ ಎಂದು ಬಸ್ಸು ಹತ್ತಿಸುವಾಗಲೂ ಎಚ್ಚರಿಸಿದ್ದಿರಿ. ಕ್ವಾರ್ಟರ್ಸಿಗೆ ಬಂದು ಅಡುಗೆ ಮಾಡುವ ಖುರ್ಷೀದಬೇಗಂಗೆ ಅದನ್ನು ಹೇಳಲು ಮರೆತೆ. ನಾನು ಆಫೀಸಿನಿಂದ ಬರುವಷ್ಟರಲ್ಲಿ ಇಡೀ ಜಾಡಿಯನ್ನು, ರಸವನ್ನೂ ಬಿಡದೆ, ತೊಗರಿಬೇಳೆಗೆ ಸುರಿದು ಕುದಿಸಿದ್ದರು.

“ಇದಕ್ಕ ಉಪ್ಪಿನಕಾಯಿ ಅಂತಾರೇನ್ರಿ ಸಾಹೇಬ್ರ? ಖಾರಾನ ಇಲ್ಲ. ಅಡಗಿಗಂತ ಉಪ್ಪುನೀರಾಗ ಇಟ್ಟ ಸೌತಿಕಾಯಿ ಅಂತ ತಿಳಕೊಂಡೆ,” ಎಂದರು. ಬೇಳೆ ಸಪ್ಪಗಾದೀತೆಂದು ಒಂದು ಹಿಡಿ ಹಸಿಮೆಣಸಿನಕಾಯಿಯನ್ನೂ ಕುಟ್ಟಿ ಹಾಕಿದ್ದರು. ನಾನು ಅಳುತ್ತಲೇ ಎರಡು ಸಲ ಬಡಿಸಿಕೊಂಡೆ. ನಿಮ್ಮ ಉಪ್ಪಿನಕಾಯಿಯನ್ನು ಹಾಗೆ ಕೇಳಿ ಹಾಕಿಸಿಕೊಂಡದ್ದು ಇದೇ ಮೊದಲು. ಎರಡು ದಿನದಿಂದ ಮಜ್ಜಿಗೆಯ ಮೇಲಿದ್ದೇನೆ, ಹೊಟ್ಟೆ ಈಗ ಪರವಾಗಿಲ್ಲ.

ಹತ್ತು ವರ್ಷದಿಂದ ನೆಂಟರಿಗೆಲ್ಲ ಕಣ್ಣೀರು ತರಿಸಿದ ಕೈ ನಿಮ್ಮದೆಂದು ಅವರಿಗೆ ತಿಳಿಸಿದೆ. ಬಹಳ ಮರುಗಿದರು. “ಪಾಪ, ಒಮ್ಮಿ ಕರಕೊಂಡ ಬರ್ರಿ. ಖಾರ ಹಾಕೂದು ನಾ ಕಲಿಸ್ತೀನಿ,” ಎಂದರು.

ಕಾರ್ಡು ತುಂಬಿತು. ಯಾವ ವಾರ ಹೊರಡುತ್ತೀರಿ, ಬರೆಯಿರಿ.

ಮೈದುನ ನಂಜುಂಡ