ಬೇರು ಕತ್ತರಿಸಿದ ಜೇಕಿನ ಹಾಳೆಗಳು

ಫೆಬ್ರವರಿ 30, 2263
ಅಘನಾಶಿನಿ ಅಳಿವೆ

ಮಾನ್ಯ ಮಂದಾಕಿನಿ ನಾಯಕ ಅವರಿಗೆ,

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನ ಯಾವ ತಿಂಗಳಿಗೂ ಸೇರದೆ ಒಡ್ಡಿನ ದುರಸ್ತಿಗೆ ಮೀಸಲು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಒಣಗಿಡಗಳ ಹಾಳೆಗೆ ನೀವು ಅಂಟಿಸಿದ ಚೀಟಿಗಳಿಂದ. ಹಾಗಾಗಿ ಗಿಡದ ವಿಷಯ ಸರಾಗವಾಗಿ ಬರೆಯಬಲ್ಲೆ, ಕುಶಲ ಕೇಳುವಾಗ ತಡವರಿಸುತ್ತೇನೆ. ಚೆನ್ನಾಗಿದ್ದೀರೆಂದು ನಂಬಿದ್ದೇನೆ.

ನಾನು ಶೇವಂತಿ ಅಂಬಿಗ, ಇಲ್ಲಿನ ಜೇಕುಗಾರ್ತಿ. ನಿಮ್ಮ ಕಾಲದಲ್ಲಿ ಗದ್ದೆಯ ಕಳೆಯೆಂದು ಕಿತ್ತೆಸೆಯುತ್ತಿದ್ದ, ಮೂರು ಮೂಲೆಯ ಕಾಂಡದ ಆ ಜೇಕು ಹುಲ್ಲನ್ನು ಬೆಳೆಸುವುದು ಈಗ ಒಂದು ಕಸುಬು. ಸಮುದ್ರ ಮೇಲೇರಿದ ಮೇಲೆ ಊರಿಗೂ ಉಪ್ಪುನೀರಿಗೂ ನಡುವೆ ಇರುವುದು ಒಂದು ಮಣ್ಣಿನ ಒಡ್ಡು, ಆ ಮಣ್ಣನ್ನು ಹಿಡಿದಿರುವುದು ಜೇಕಿನ ಬೇರು. ಕೊಯ್ದ ಕಾಂಡದಿಂದ ಚಾಪೆ ಹೆಣೆಯುತ್ತೇವೆ, ಸೂರು ಹೊದಿಸುತ್ತೇವೆ. ಮದುವೆ ಮಾತುಕತೆಗೆ ಹೋದಾಗಲೂ ಮೊದಲು ಕೇಳುವುದು ನಿಮ್ಮ ಪಾಲಿನ ಒಡ್ಡಿನಲ್ಲಿ ಜೇಕು ಹೇಗಿದೆ ಎಂದೇ.

ಹೋದ ವರ್ಷ ನಾನು ಹನ್ನೊಂದು ಸಾವಿರ ಬುಡ ನೆಟ್ಟೆ. ನನ್ನ ಗುರುಗಳಾದ ಬೀರಪ್ಪ ಪಟಗಾರರ ಪುಸ್ತಕದಲ್ಲಿ ಅದಕ್ಕೆ ‘ಅಳಿವೆ ಜೇಕು’ ಎಂಬ ಒಂದೇ ಹೆಸರು. ಹೂತೆನೆ ಒಂದೇ ಥರ, ಕಾಯಿ ಒಂದೇ ಥರ. ಹೊಳೆಯ ಮೇಲ್ದಂಡೆಯಿಂದ ತಂದರೇನು, ಕೆಳದಂಡೆಯಿಂದ ತಂದರೇನು ಎಂದುಕೊಂಡು ಎರಡೂ ಕಡೆಯಿಂದ ತಂದು ಬೆರೆಸಿ ನೆಟ್ಟೆ. ಆರೇ ತಿಂಗಳಿಗೆ, ದೊಡ್ಡ ಉಬ್ಬರದ ದಿನ, ಒಂಬತ್ತನೆಯ ತೂಬಿನ ಬಳಿ ಒಡ್ಡು ಕುಸಿಯಿತು. ಒಡ್ಡುಕೂಟದ ಯಜಮಾನಿ ಹೊನ್ನಕ್ಕನ ಗದ್ದೆ ಉಪ್ಪುಪಾಲಾಯಿತು. ಅವರು ಬೈಯಲಿಲ್ಲ. “ಹುಲ್ಲಿನ ಹೆಸರು ನಿಂದು ತಂಗೀ, ಗದ್ದೆ ನಂದು. ಮಳೆಗಾಲ ಬರೂದ್ರೊಳಗೆ ಒಡ್ಡು ನಿಲ್ಬೇಕು” ಎಂದಷ್ಟೇ ಹೇಳಿದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಕುಸಿದ ಮಣ್ಣಿನಿಂದ ಬುಡಗಳನ್ನು ಎತ್ತಿ ಬೇರನ್ನು ತೆಳ್ಳಗೆ ಕೊಯ್ದು ನೋಡಿದೆ. ಕೆಲವುಗಳಲ್ಲಿ ಗಾಳಿಯ ರಂಧ್ರಗಳ ಸುತ್ತ ಉಪ್ಪನ್ನು ತಡೆಯುವ ದಪ್ಪ ಗೋಡೆಯ ಉಂಗುರವಿತ್ತು. ಉಳಿದವುಗಳಲ್ಲಿ ಉಂಗುರವೇ ಇಲ್ಲ, ಬೇರು ಕೊಳೆತು ಬೆರಳಿಗೆ ಮೆತ್ತಿತು. ಆಮೇಲೆ ಕುಲಪಟ ತೆಗೆಸಿದೆ. ಗಿಡದ ವಂಶವಾಹಿ ಓದಿ ಯಾರು ಯಾರಿಗೆ ನೆಂಟರೆಂದು ತೋರಿಸುವ ನಕ್ಷೆ ಅದು. ಇವೆರಡೂ ಅಕ್ಕತಂಗಿಯರಿರಲಿ, ದೂರದ ನೆಂಟರೂ ಅಲ್ಲ. ಒಂದೇ ಕೆಸರಿನಲ್ಲಿ ಬಾಳಿ ಮುಖ ಒಂದೇ ಆಗಿದೆ, ಅಷ್ಟೆ. ಬೆಳ್ಳಗಿದ್ದುದೆಲ್ಲ ಹಾಲಲ್ಲ ಎಂದು ಚಿಕ್ಕಂದಿನಿಂದ ಕೇಳಿಯೂ ನಾವು ಮುಖ ನೋಡಿಯೇ ಮಣೆ ಹಾಕಿದ್ದೆವು.

ಇಷ್ಟು ದೊಡ್ಡ ತಪ್ಪು ಎಲ್ಲಿ ಶುರುವಾಯಿತೆಂದು ಹುಡುಕುತ್ತ ಹಳೆಯ ಕಪಾಟು ತೆರೆದೆ. ಗುರುಗಳು ಆಧಾರವಾಗಿ ಹಿಡಿದದ್ದು ನೀವು ಸಂಗ್ರಹಿಸಿದ ನಲವತ್ತಮೂರು ಹಾಳೆಗಳನ್ನು. ಅಂದವಾದ ಅಕ್ಷರ, ಜಾಗ, ತಾರೀಖು, ಒಂದೂ ತಪ್ಪಿಲ್ಲ. ಆದರೆ ಗಿಡ ಉದ್ದ, ಹಾಳೆ ಗಿಡ್ಡ. ನಲವತ್ತಮೂರರಲ್ಲೂ ಬೇರನ್ನು ಕತ್ತರಿಸಿ ಬಿಟ್ಟಿದ್ದೀರಿ. ಆ ಸಂಜೆ ನಿಮ್ಮ ಮೇಲೆ ಬಂದ ಸಿಟ್ಟನ್ನು ಮುಚ್ಚಿಡುವುದಿಲ್ಲ.

ಗುರುಗಳಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಎಂಬತ್ತೊಂದು ವರ್ಷ ಅವರಿಗೆ. ಆ ಒಂದು ಹೆಸರಿಗೆ ನಲವತ್ತು ವರ್ಷ ತೆತ್ತಿದ್ದಾರೆ. ಹೇಳಿದ ಮೂರನೆಯ ದಿನ ಬೆಳಿಗ್ಗೆ ಒಡ್ಡಿನ ಮೇಲೆ ಬಂದು ಚಾಪೆ ಹಾಸಿ ಕೂತರು. “ನಂದೇ ತಪ್ಪು, ನಾನೇ ಕೊಯ್ತೆ. ಬ್ಲೇಡ್ ಕೊಡು” ಎಂದರು. ಅಂದಿನಿಂದ ನಾನು ಪ್ರತಿ ಬುಡದಿಂದ ಒಂದು ಬೇರು ಕಿತ್ತು ಕೊಡುತ್ತೇನೆ, ಅವರು ಕೊಯ್ದು ನೋಡಿ ಉಳಿಸು ಅಥವಾ ಕೀಳು ಎನ್ನುತ್ತಾರೆ. ಕಿತ್ತ ಕಡೆ ಹೊನ್ನಕ್ಕ ಉಂಗುರಬೇರಿನದನ್ನು ನೆಡುತ್ತಾರೆ. ನಾಲ್ಕು ಸಾವಿರ ಮುಗಿದಿದೆ. ಮಳೆಗೆ ಮೂರು ತಿಂಗಳಿದೆ. ಮುಗಿಸಿಯೇ ತೀರುತ್ತೇವೆ.

ಒಂದೇ ಕೋರಿಕೆ. ನಿಮ್ಮ ಮೊದಲ ಹಾಳೆಯ ತಾರೀಖು ನೋಡಿ, ಅದರ ಹಿಂದಿನ ದಿನಕ್ಕೆ ಈ ಓಲೆ ತಲುಪುವಂತೆ, ಹಿಂದಿನ ಕಾಲಕ್ಕೂ ಹೋಗುವ ನಮ್ಮ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ನೀವಿನ್ನೂ ಹೊಳೆದಂಡೆಗೆ ಹೊರಟಿಲ್ಲ. ಗಿಡ ಉದ್ದವಾದರೆ ಮಡಚಿ, ಹಾಳೆಯಲ್ಲಿ ಹಿಡಿಸುತ್ತದೆ. ನಾಳೆ ಹೋಗುವಾಗ ಕತ್ತರಿ ಮನೆಯಲ್ಲೇ ಇರಲಿ, ಗುದ್ದಲಿ ಒಯ್ಯಿರಿ.

ಇಂತಿ,
ಶೇವಂತಿ ಅಂಬಿಗ