ಒಂಬತ್ತನೆಯ ಸುತ್ತು

ಯಗಟಿ
೬ ಮಾರ್ಚ್ ೨೦೨೫

ಮಗಳು ಸಂಗೀತಾಳಿಗೆ,

ನಿನ್ನ ಅಮ್ಮನ ಆಶೀರ್ವಾದ. ಇಲ್ಲಿ ನಾನೂ ನಿನ್ನ ಮಗಳು ಅಶ್ವಿನಿಯೂ ಉಂಡುಕೊಂಡು ಇದ್ದೇವೆ. ಅಲ್ಲಿ ನೀವೆಲ್ಲರೂ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ಮಗುವಿನ ನಾಮಕರಣ ಮುಗಿಸಿಕೊಂಡು ತರೀಕೆರೆಯಿಂದ ಬಂದವಳು ಹೇಗೆ ಸೇರಿದೆ ಎಂದೂ ತಿಳಿಸಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಬಸ್ಸಿನಲ್ಲಿ ಹಿಡಿದ ಸೊಂಟ ಇನ್ನೂ ಬಿಟ್ಟಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ಸ್ಪೀಕರ್ ಹಾಕಿಕೊಂಡು ಒಗ್ಗರಣೆ ಹಾಕುತ್ತೀಯ, ನನ್ನ ಮಾತು ನಿನಗಿಂತ ಮೊದಲು ನಿನ್ನ ಅತ್ತೆಗೆ ಮುಟ್ಟುತ್ತದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳ ಅಕ್ಷರ, ಕೋಳಿ ಕೆದರಿದ ಹಾಗಿದೆ. ಹೇಗೋ ಓದಿಕೋ.

ವಿಷಯ ಇಷ್ಟೇ. ಅಶ್ವಿನಿ ಶಾಲೆಗೆ ಹೋಗುತ್ತಿಲ್ಲ.

ಕಾಮಾಕ್ಷಮ್ಮ ಮೇಡಂ ಇದ್ದಾಗ ವಿಜ್ಞಾನ ದಿನಕ್ಕೆ ಮಕ್ಕಳನ್ನೇ ಗ್ರಹ ಮಾಡಿ ಸೂರ್ಯನ ಸುತ್ತ ತಿರುಗಿಸುತ್ತಿದ್ದದ್ದು ನಿನಗೆ ಗೊತ್ತು. ಸುತ್ತು ಎಳೆಯುವ ಕೆಲಸ ನನ್ನದು. ಹಿಂದೆ ಕಣ ಮಾಡುವಾಗ ನಡುವೆ ಮೇಟಿ ಕಂಬ ನೆಟ್ಟು ಎತ್ತು ಕಟ್ಟಿ ರಾಗಿ ತುಳಿಸುತ್ತಿದ್ದೆವಲ್ಲ, ಹಾಗೇ ಶಾಲೆಯ ಅಂಗಳದಲ್ಲಿ ಗೂಟ ಹೊಡೆದು, ಹಗ್ಗ ಕಟ್ಟಿ, ಸುಣ್ಣದಲ್ಲಿ ಒಂಬತ್ತು ಸುತ್ತು ಎಳೆದುಕೊಡುತ್ತಿದ್ದೆ. ಮೊದಲನೇ ವರ್ಷ ಅಶ್ವಿನಿಯನ್ನು ಎಲ್ಲರಿಗಿಂತ ಹೊರಗಿನ ಸುತ್ತಿಗೆ ನಿಲ್ಲಿಸಿದ್ದು ನೋಡಿ ನಾನು ಜಗಳಕ್ಕೇ ಹೋದೆ.

"ಕಣದಾಗೆ ಹೊರಗಡೆ ಎತ್ತೇ ಜಾಸ್ತಿ ಓಡ್ಬೇಕು ಕಣ್ರೀ ಮೇಡಂ. ಕಾಲೆಳೆಯೋ ಹುಡುಗೀನ ಅಲ್ಲಿ ನಿಲ್ಸಿದೀರಲ್ಲ, ಕಣ್ಣು ಕಾಣ್ಸಲ್ವಾ?"

ಆಕೆ ನಕ್ಕರು. "ಇದು ನಿಮ್ಮ ಕಣ ಅಲ್ಲ ಕಲ್ಲಮ್ಮ. ಆಕಾಶದಲ್ಲಿ ಹೊರಗಡೆ ಇರೋದು ನಿಧಾನಕ್ಕೇ ಹೋಗೋದು. ಒಳಗಿನವರು ಎಷ್ಟು ಸುತ್ತು ಹೊಡೆದ್ರೂ ಇವಳದ್ದು ಒಂದೇ ಹೆಜ್ಜೆ. ಓಡಿದ್ರೆ ತಪ್ಪು."

ಅವತ್ತು ನೀನು ನೋಡಬೇಕಿತ್ತು. ಮಿಕ್ಕ ಮಕ್ಕಳು ಏದುಸಿರು ಬಿಡುತ್ತ ಸುತ್ತುತ್ತಿದ್ದರೆ ಇವಳು ಗೌಡರ ಮನೆಯ ಯಜಮಾನಿಯ ಹಾಗೆ ಒಂದು ಹೆಜ್ಜೆ ಇಟ್ಟಳು, ನಿಂತಳು. ಆ ಕಾಲಿನ ನಡಿಗೆಯೇ ಸರಿಯಾದದ್ದು ಎಂದು ಯಾರಾದರೂ ಹೇಳಿದ್ದು ಅದೇ ಮೊದಲು. ಅಲ್ಲಿಂದೀಚೆಗೆ ಪ್ರತಿ ವರ್ಷ ಪ್ಲೂಟೊ ಎಂದರೆ ಅವಳೇ.

ಮೇಡಂ ರಿಟೈರಾದರು. ಈಗ ಬಂದಿರುವವರು ಕಾಂತರಾಜ್ ಮೇಷ್ಟ್ರು. ಕೆಟ್ಟವರೆಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು, ಪಾಠ ಚೆನ್ನಾಗಿಯೇ ಮಾಡುತ್ತಾರೆ. ನಾಮಕರಣದಿಂದ ಬಂದ ಮೇಲೆ ಮೊನ್ನೆ ವಿಜ್ಞಾನ ದಿನಕ್ಕೆ ನಾನು ಹಗ್ಗ ಹಿಡಿದು ಹೋದರೆ, "ಎಂಟು ಸುತ್ತು ಸಾಕು ಅಜ್ಜಿ" ಎಂದರು. ಪ್ಲೂಟೊ ಈಗ ಗ್ರಹವಲ್ಲವಂತೆ. ಕುಬ್ಜ ಗ್ರಹವಂತೆ. ದೊಡ್ಡವರೆಲ್ಲ ಸೇರಿ ಕೈ ಎತ್ತಿ ತೀರ್ಮಾನ ಮಾಡಿ ಹತ್ತಿರ ಹತ್ತಿರ ಇಪ್ಪತ್ತು ವರ್ಷವಾಯಿತಂತೆ.

"ಇಪ್ಪತ್ತು ವರ್ಷ ಸುಮ್ನಿದ್ದು ನಮ್ಮುಡುಗಿ ಸರದೀಲೇ ನೆನಪಾಯ್ತೇನಪ್ಪಾ? ಎಲ್ಲಿಗ್ ಹೋಯ್ತು ಅದು, ಬಿದ್ದೋಯ್ತಾ?"

"ಎಲ್ಲೂ ಹೋಗಿಲ್ಲ ಅಜ್ಜಿ. ಅಲ್ಲೇ ಸುತ್ತುತಾ ಇದೆ. ಲೆಕ್ಕಕ್ಕೆ ಮಾತ್ರ ತಗೊಳಲ್ಲ. ಗೊತ್ತಿದ್ದೂ ತಪ್ಪು ಹೇಳ್ಕೊಡೋಕೆ ನನ್ನಿಂದ ಆಗಲ್ಲ."

ಪುಸ್ತಕ ತೆರೆದೂ ತೋರಿಸಿದರು. ಆಮೇಲೆ ಪಕ್ಕದಲ್ಲಿದ್ದ ಅಶ್ವಿನಿಯ ಮುಖ ನೋಡಿ ಅವರಿಗೇ ಏನನ್ನಿಸಿತೋ, "ನೀನು ಸೂರ್ಯ ಆಗು ಪುಟ್ಟಿ, ನಡುವೆ ಸುಮ್ಮನೆ ನಿಂತ್ರೆ ಸಾಕು" ಎಂದರು. ಇವಳು ತಲೆ ಅಲ್ಲಾಡಿಸಿದಳು. "ನಿಂತ್ಕೊಳ್ಳೋಕೆ ಅಲ್ಲ ಸಾ, ನಡೆಯೋಕೆ ಬಂದಿದ್ದೆ." ಅಷ್ಟು ಹೇಳಿ ಕಟ್ಟೆಯ ಮೇಲೆ ಕೂತಳು. ನಾನು ಎಂಟು ಸುತ್ತು ಎಳೆದುಕೊಟ್ಟೆ. ಇನ್ನೇನು ಮಾಡಲಿ? ಅವತ್ತೇ ಸಂಜೆ ಹುಡುಗರು "ಕುಬ್ಜ, ಕುಬ್ಜ" ಎಂದು ಮನೆ ಬಾಗಿಲವರೆಗೂ ಕೂಗಿಕೊಂಡು ಬಂದರು. ಪೊರಕೆ ತೋರಿಸಿ ಓಡಿಸಿದೆ. ಅಲ್ಲಿಗೆ ಶಾಲೆ ನಿಂತಿತು.

ಸಮಾಧಾನವಾಗಲೆಂದು ಬೀರೂರಿಗೆ ಕರೆದುಕೊಂಡು ಹೋಗಿ ದೇವಸ್ಥಾನದ ನವಗ್ರಹ ತೋರಿಸಿದೆ. "ನೋಡೇ, ದೇವ್ರ ಲೆಕ್ಕದಾಗೆ ಇನ್ನೂ ಒಂಬತ್ತೇ ಐತೆ." ಅವಳು ಪೂಜಾರಿಯನ್ನು ಒಂದೊಂದರ ಹೆಸರೂ ಕೇಳಿಕೊಂಡು ಒಂದು ಸುತ್ತು ಬಂದು, "ಇಲ್ಲೂ ನಂದಿಲ್ಲ ಅಜ್ಜಿ" ಎಂದಳು. ನನ್ನ ಜಾಣತನಕ್ಕೆ ಇಷ್ಟು ಬೆಂಕಿ ಹಾಕ.

ಮೇಷ್ಟ್ರು ಎರಡು ಸಲ ಮನೆಗೆ ಬಂದು ಕರೆದರು. ಇವಳು ಒಳಗಿನಿಂದ ಬರಲಿಲ್ಲ. ನನ್ನ ಬಯ್ಗುಳ ಮುಗಿಯಿತು, ಮುದ್ದೂ ಮುಗಿಯಿತು. ನಿನ್ನ ಎರಡನೇ ಮದುವೆಗೆ ಓಡಾಡಿದವಳೇ ನಾನು, ಮಗಳನ್ನು ನನ್ನ ಹತ್ತಿರ ಬಿಟ್ಟೆಯೆಂದು ಒಂದು ದಿನವೂ ಆಡಿಲ್ಲ. ಈಗ ಒಂದೇ ಒಂದು ಕೇಳುತ್ತೇನೆ. ಭಾನುವಾರ ಬಾ. ಮಗುವನ್ನೂ ಎತ್ತಿಕೊಂಡು ಬಾ. ರಾತ್ರಿ ಇದ್ದು, ಸೋಮವಾರ ಬೆಳಿಗ್ಗೆ ಅವಳ ಕೈ ಹಿಡಿದು ಶಾಲೆಯ ಬಾಗಿಲವರೆಗೆ ನಡೆ. ಅಮ್ಮ ಬಂದರೆ ಹೋದಾಳು.

ಮಗುವಿಗೆ ದೃಷ್ಟಿ ತೆಗೆಯುವುದು ಮರೆಯಬೇಡ. ನೀನು ಹೊಟ್ಟೆ ತುಂಬ ಉಣ್ಣು. ಆ ಶಿವ ನಿಮ್ಮ ಮನೆ ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಕಲ್ಲಮ್ಮ

ಇದಿಷ್ಟು ಬೆಳಿಗ್ಗೆ ಸೇರಿಸಿದ್ದು. ಅಮ್ಮನಿಗೆ ಬಾ ಅಂತ ಬರೆದಿದೀನಿ ಕಣೇ ಎಂದು ಜಡೆ ಹಾಕುತ್ತ ಅಶ್ವಿನಿಗೆ ಹೇಳಿದೆ. "ಬ್ಯಾಡ ಅಜ್ಜಿ" ಎಂದಳು. ಯಾಕೆ ಎಂದು ಕೆದಕಿದ ಮೇಲೆ ಹೇಳಿದಳು. ನಾಮಕರಣದ ದಿನ ಇವಳು ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದಾಗ ನಿಮ್ಮ ಕಡೆಯ ಯಾರೋ ಹೆಂಗಸು "ಈ ಹುಡುಗಿ ಯಾರು?" ಎಂದು ಕೇಳಿದರಂತೆ. "ನಮ್ಮಮ್ಮನ ಜೊತೆ ಬಂದವಳು" ಎಂದೆಯಂತೆ ನೀನು. ನಾನು ಇಷ್ಟು ದಿನ ಆ ಮೇಷ್ಟ್ರನ್ನು ಬಯ್ದುಕೊಂಡು ತಿರುಗಿದೆ. ಅವಳು ಸುಳ್ಳು ಹೇಳುವವಳಲ್ಲ. ನೀನೂ ಸುಳ್ಳು ಹೇಳಲಿಲ್ಲ ಬಿಡು, ಅವಳು ಬಂದದ್ದು ನನ್ನ ಜೊತೆಯೇ. ಹೋದದ್ದೂ ನನ್ನ ಜೊತೆಯೇ.